ಪುಟ ನಲವತ್ತೊಂದು

ಕೂತುಕೋ ಡೆಕ್ಲನ್. ಕೋಟನ್ನು ಹೀಟರಿನ ಹತ್ತಿರ ತೂಗುಹಾಕು,
ಬಂದರಿನ ಮಂಜು ಇವತ್ತು ಹೊಸ್ತಿಲು ದಾಟಿ ಬಂದಿದೆ.
ನಿನ್ನ ಕರಡು ಓದಿದೆ. ಚೆನ್ನಾಗಿದೆ.
ಚೆನ್ನಾಗಿದೆ ಅಂದೆನಲ್ಲ, ಮುಖ ಯಾಕೆ ಹಾಗೆ?

ಮೊದಲ ಪುಟದಲ್ಲೇ ಹದಿನೇಳು ಸಲ
ಯಾರ್ಯಾರನ್ನೋ ಕೂಗಿದ್ದೀಯ.
ಎಚ್.ಪಿ.ಪಿ., ಬಿ.ಎಫ್.ವಿ., ಎಸ್.ಡಬ್ಲ್ಯು.ಐ.
ಅವರು ಯಾರ ಪೈಕಿ ಎಂದು ಹೇಳಿಲ್ಲ.
ನಿನ್ನಜ್ಜಿ ಕಟ್ಟೆಯ ಮೇಲೆ ನಿಂತು ಕಾಡ್ ಮೀನು ಸೀಳುತ್ತಿದ್ದಳು,
ಎಲುಬು ಕಡಲಿಗೆ, ಮಾಂಸ ಉಪ್ಪಿಗೆ.
ನೀನು ಮಾಂಸ ಬಿಸಾಕಿ
ಎಲುಬನ್ನು ಸಾಲಾಗಿ ಜೋಡಿಸಿ ತಂದಿದ್ದೀಯ.

ಲಿಯಾಂಡರ್ ಪಾರ್ಡಿಯ ಬಲಗೈ ನೋಡಿದ್ದೀಯಾ?
ಹೆಬ್ಬೆರಳು ಮಡಚುವುದಿಲ್ಲ. ಚಹಾವನ್ನು ಎಡಗೈಯಲ್ಲಿ ಕುಡಿಯುತ್ತಾನೆ.
ಅದು ನಾನು ಬರೆದದ್ದು.
ಹೌದು, ಕೈಪಿಡಿಯನ್ನು. ಕೈಯನ್ನೂ.

ಪುಟ ಒಂಬತ್ತರಲ್ಲಿ ಪಿ.ವಿ. ಎಂದರೆ ಪ್ರೆಶರ್ ವಾಲ್ವ್,
ಅಲ್ಲಿ ಬಿಡಿಸಿಯೇ ಬರೆದಿದ್ದೆ, ನೀಟಾಗಿ.
ಪುಟ ನಲವತ್ತೊಂದರಲ್ಲಿ, ಶುಕ್ರವಾರ ಸಂಜೆ, ಮನೆಗೆ ಹೋಗುವ ಆತುರ,
'ಮೊದಲು ಪಿ.ವಿ. ತೆರೆಯಿರಿ' ಅಂದೆ.
ನನ್ನ ಮನಸ್ಸಿನಲ್ಲಿದ್ದದ್ದು ಪೋರ್ಟ್ ವೆಂಟ್,
ದೋಣಿಯ ಎಡಮಗ್ಗುಲಿನ ಪುಟ್ಟ ಗಾಳಿಕಿಂಡಿ.
ನನ್ನ ತಲೆಯಲ್ಲಿ ಎರಡೂ ಬೇರೆಬೇರೆಯಾಗಿಯೇ ಇದ್ದವು.
ಪುಟದಲ್ಲಿ ಇರಲಿಲ್ಲ.

ಫೆಬ್ರವರಿ. ದಡದಿಂದ ಇನ್ನೂರು ಮೈಲಿ. ಬೆಳಗಿನ ಜಾವ ಮೂರು.
ಅವನು ಹೇಳಿದ ಹಾಗೆ ಕೇಳುವ ಮನುಷ್ಯ.
ಪುಸ್ತಕ ಹೇಳಿತು, ತೆರೆದ.

ಆಮೇಲೆ ಕಂಪನಿಯ ವರದಿ ಬಂತು, ಕಾರಣ ಎಂಬಲ್ಲಿ ಎರಡೇ ಅಕ್ಷರ: ಓ.ಇ.
ಆಪರೇಟರ್ ಎರರ್. ಅದನ್ನೂ ಬಿಡಿಸಿರಲಿಲ್ಲ ಪುಣ್ಯಾತ್ಮರು.
ಲಿಯಾಂಡರ್ ಆಸ್ಪತ್ರೆಯ ಮಂಚದ ಮೇಲೆ ಓದಿ
ಅದೊಂದು ಮುಲಾಮಿನ ಹೆಸರು ಅಂದುಕೊಂಡ.
ದಿನಕ್ಕೆ ಎಷ್ಟು ಸಲ ಹಚ್ಚಬೇಕು ಎಂದು
ನರ್ಸನ್ನು ಕೇಳಿದನಂತೆ.

ನಗಬೇಡ. ನಗು, ಪರವಾಗಿಲ್ಲ, ಅವನೂ ಈಗ ನಗುತ್ತಾನೆ.

ಹಾಗಾಗಿ ಕೇಳು. ಹೆಸರನ್ನು ಮೊದಲ ಸಲ ಪೂರ್ತಿ ಕರಿ,
ಪಾದ್ರಿಯ ಮುಂದೆ ಮಗುವಿಗೆ ಇಡುವ ಹಾಗೆ.
ಅದರ ಮಗ್ಗುಲಲ್ಲಿ, ಕಂಸದ ಎರಡು ರೆಕ್ಕೆಯ ನಡುವೆ,
ಅಡ್ಡಹೆಸರನ್ನು ಕೂರಿಸು.
ಆಮೇಲೆ ಬೇಕಾದಷ್ಟು ಸಲ ಅಡ್ಡಹೆಸರಲ್ಲೇ ಕೂಗು, ಯಾರೂ ಬೇಡ ಅನ್ನುವುದಿಲ್ಲ.
ಎರಡೇ ಸಲ ಬಂದು ಹೋಗುವ ನೆಂಟನಿಗೆ
ಅಡ್ಡಹೆಸರು ಯಾಕೆ?
ರೇಡಾರನ್ನು ಮಾತ್ರ ಬಿಡಿಸಲು ಹೋಗಬೇಡ,
ಒಂದಾನೊಂದು ಕಾಲಕ್ಕೆ ಅದೂ ನಾಲ್ಕು ಮಾತಿನ ಮುದ್ದೆ,
ಈಗ ಊರಿನವನೇ ಆಗಿಬಿಟ್ಟಿದೆ.

ಇನ್ನೊಂದು. ಹೊಸ ಅಧ್ಯಾಯದಲ್ಲಿ ಮತ್ತೆ ಪರಿಚಯಿಸು.
ಎರಡು ಸಾಲು ಹೆಚ್ಚಾಯಿತು ಎಂದು ಅಚ್ಚಿನವರು ಗೊಣಗಲಿ.
ಯಂತ್ರದ ಪುಸ್ತಕವನ್ನು ಯಾರೂ ಮೊದಲಿನಿಂದ ಓದುವುದಿಲ್ಲ ಮಗೂ,
ಕತ್ತಲಲ್ಲಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ,
ಎಣ್ಣೆಗೈಯಲ್ಲಿ ನಡುಮಧ್ಯೆ ತೆರೆಯುತ್ತಾರೆ.
ಅಲ್ಲಿ ನೀನಿರುವುದಿಲ್ಲ.
ನಿನ್ನ ತಲೆಯೂ ಇರುವುದಿಲ್ಲ.

ಈಗ ಪ್ರತಿ ಗುರುವಾರ ಲಿಯಾಂಡರ್ ಇಲ್ಲಿಗೆ ಬರುತ್ತಾನೆ,
ಈ ಕುರ್ಚಿಯಲ್ಲಿ ಕೂತು ನಮ್ಮ ಕರಡು ಓದುತ್ತಾನೆ.
ಸಂಬಳ ಅಷ್ಟಕ್ಕಷ್ಟೆ, ಬಿಸ್ಕತ್ತು ಧಾರಾಳ.
ಪೆನ್ನು ಹಿಡಿಯಲಾಗದು, ತಿಳಿಯದ ಕಡೆ
ಆ ಮಡಚದ ಹೆಬ್ಬೆರಳನ್ನು ಒತ್ತುತ್ತಾನೆ.
ನೋಡು, ನಿನ್ನ ಮೂರನೆಯ ಪುಟ:
ಕಪ್ಪು ಗುರುತು, ಇಲ್ಲೊಂದು, ಇಲ್ಲಿ, ಕೆಳಗೆ ಎರಡು.
ಒರೆಸಬೇಡ ಅದನ್ನು.

ಇರು, ಕೆಟಲ್ ಕೂಗುತ್ತಿದೆ.
ಬರೀ ಹಬೆ, ಗೊತ್ತು.
ಆದರೂ ನೀನೇ ಎದ್ದು ಆರಿಸುತ್ತೀಯಾ?