ಮಧ್ಯದಲ್ಲೇ ಬಿಟ್ಟವರು: ಒಂದು

ಜುವಾರಿನಗರದ ತಗಡಿನ ಬಾಲವಾಡಿಯಲ್ಲಿ
ಉದ್ಯಮ ತರಬೇತಿಯ ಕೊನೆಯ ದಿನ.
ಫಲವೆಷ್ಟು ಎಂದು ಅಳೆಯಲು ಪಣಜಿಯಿಂದ ನನ್ನ ಕಳಿಸಿದ್ದರು,
ಕನ್ನಡ ಬರುತ್ತದೆಂಬ ಒಂದೇ ಅರ್ಹತೆಗೆ.

ಸೇರಿದವರು ಹನ್ನೆರಡು. ಮುಗಿಸಿದವರು ಹನ್ನೊಂದು.
ಗೋಡೆಗೆ ಅಂಟಿದ್ದವು ಬಣ್ಣದ ಚೀಟಿಗಳು:
ಉಪ್ಪಿನಕಾಯಿ, ಹೊಲಿಗೆ, ಮತ್ತೆ ಉಪ್ಪಿನಕಾಯಿ.
ಬಿಟ್ಟವಳು ನಿಂಬೆವ್ವ, ಸಿಂದಗಿ ಕಡೆಯವಳು,
ಮೂರನೇ ದಿನಕ್ಕೇ.
ಕಾರಣದ ಅಂಕಣದಲ್ಲಿ ಯಾರೋ ಬರೆದಿದ್ದರು
‘ಆಸಕ್ತಿ ಇಲ್ಲ.’

ಟ್ಯಾಂಕರ್ ನಿಲ್ಲುವ ತಿರುವಿನಲ್ಲಿ ಸಿಕ್ಕಳು.
ಮಡಿಲಲ್ಲಿ ಸೋಡಾ ಬಾಟಲಿಯ ಮುಚ್ಚಳಗಳು,
ಒಂದೊಂದಕ್ಕೂ ಮೊಳೆಯಲ್ಲಿ ಗೀಚಿದ ನಂಬರು.
“ಕ್ಲಾಸೂ ನಾಕಕ್ಕ, ನೀರೂ ನಾಕಕ್ಕ.
ಪಾಳಿ ತಪ್ಪಿದ್ರ ಮಕ್ಕಳು ಮಾರಿ ತೊಳ್ಯೂದ್ ಹೆಂಗ್ರಿ?
ಅದಕ್ಕ ಮುಚ್ಚಳ ಕೊಟ್ಟೆ. ಅವರ ಕೊಡ ನಾ ಕಾಯ್ತೀನಿ.
ಕೊಡಕ್ಕ ಒಂದ್ರೂಪಾಯಿ.
ಕಲಿಯಾಕ ಹೋದೋರಿಗಿ ಪುಗಸಟ್ಟೆ.”

ಹನ್ನೊಂದು ಕೊಡ ಸಾಲಾಗಿ ಕೂತಿದ್ದವು.
ಅತ್ತ ಬಾಲವಾಡಿಯೊಳಗೆ
ಪ್ರಮಾಣಪತ್ರಕ್ಕೊಂದು ಚಪ್ಪಾಳೆ ಬೀಳುತ್ತಿತ್ತು.

ಫಾರ್ಮು ತಿರುವಿದೆ.
ಹೊಸ ಐಡಿಯಾ ಹೊಳೆದಿದೆಯೇ: ಹೌದು, ಇಲ್ಲ.
ಆ ಪುಟ ಮುಗಿಸಿದವರಿಗೆ ಮಾತ್ರ.

“ಏನ್ ಬರಕೊಂಡ್ರಿ?” ಎಂದಳು.
ಏನೂ ಇಲ್ಲ ಎಂದೆ.
ಇಡೀ ದಿನದಲ್ಲಿ ನಾನಾಡಿದ ಖರೆ ಮಾತು ಅದೊಂದೇ ಇರಬೇಕು.

ಏರಿನಲ್ಲಿ ಟ್ಯಾಂಕರಿನ ಹಾರ್ನು.
ಹೆಂಗಸರೆಲ್ಲ ಎದ್ದರು, ಪೈಪು ಹಾವಿನಂತೆ ಒದ್ದಾಡಿತು.
“ಪೆನ್ನು ಕಿಸೇದಾಗ ಇಡ್ರೀ,
ಏಳನೇ ನಂಬರ್ ಹಿಡೀರಿ, ಅಕಿ ಇನ್ನೂ ಫೋಟೋಕ್ಕ ನಿಂತಾಳ.”

ಹಿಡಿದೆ.
ತಳಕ್ಕೆ ಎಂಸೀಲು ಮೆತ್ತಿದ ಹಳೆಯ ಕೊಡ.
ಅಂಗಿಯೆಲ್ಲ ತೊಯ್ದು, ಫಾರ್ಮಿನ ಶಾಯಿ ಕದಡಿಹೋಯಿತು;
ಕೊಡ ಮಾತ್ರ ಒಂದು ಹನಿಯೂ ಸೋರಲಿಲ್ಲ.