ಡಾಂಬರಿನ ಕೆಳಗ

ತೋಳಿನ ನರ ಹುಡುಕ್ಕೋತ ಕೇಳಿದ್ಲು:
ಉದ್ಯೋಗ ಏನ್ರಿ ಕಾಕಾ?
ಬೋರ್ಡ್ ಬರಿಯೂದು, ಅಂದೆ.
ಖಡೇ ಬಜಾರದಾಗ ತಲಿ ಎತ್ತಿ ನಡದವರೆಲ್ಲ
ಒಂದಿಲ್ಲೊಂದು ದಿನ ನನ್ನ ಕೈ ಓದ್ಯಾರ.
ಮೂಲ್ಯಾಗ ಸಣ್ಣಗ: ಪುಂಡಲೀಕ ಆರ್ಟ್ಸ್.

ಆಧಾರ ಕಾರ್ಡಿನ್ಯಾಗ ಐವತ್ತೇಳು.
ರಕ್ತದಾಗ ಎಪ್ಪತ್ತೊಂದು, ಅಂದ್ಲು ಮುಂದಿನ ತಿಂಗಳ,
ದನಿ ಇಳಿಸಿ, ಆ ಹದಿನಾಕು ವರ್ಷ
ತಾನೇ ಕದ್ದವರಂಗ.
ನಾ ನಕ್ಕೆ. ಇದೇನ್ ಹೊಸಾದಲ್ಲ, ತಂಗಿ.
ಬೋರ್ಡಿನ ವಯಸ್ಸು ತಾರೀಖಿನ ಮ್ಯಾಲ ಇರೂದಿಲ್ಲ.
ಸಂಜಿ ಬಿಸಲಿಗೆ ನಿಂತದ್ದು ಬ್ಯಾರೆ, ಗಲ್ಲಿ ನೆರಳಿಂದು ಬ್ಯಾರೆ;
ಮದಲ ಕೆಂಪು ಹೋಗ್ತೈತಿ, ಆಮ್ಯಾಲ ಹಳದಿ,
ಕರೀ ಬಣ್ಣ ಒಂದ ಕಡೀತನಕ ಹಟ ಹಿಡೀತೈತಿ.
ಒಂದ ದಿನ ಬರದ ಎರಡು ಬೋರ್ಡ್
ಹತ್ತು ವರ್ಷಕ್ಕ ಅಣ್ಣ-ತಮ್ಮ ಅನಸೂದಿಲ್ಲ.

ರಾಯಬಾಗದ ಹುಡುಗಿ, ತ್ರಿಶಲಾ ಉಪಾಧ್ಯೆ.
ಮೂರು ವರ್ಷದಿಂದ ಮಂದಿ ರಕ್ತ ಐಸಿನ್ಯಾಗಿಟ್ಟು ಓದತಾಳ.
ನನಗ ತಿಳೀಲಿ ಅಂತ ಚೀಟಿ ಹಿಂದ ಬರದ್ಲು
ನಾಕೇ ನಾಕು ಅಕ್ಷರ, ತಿರುಗಾಮುರುಗಾ, ಉದ್ದಾನುದ್ದ.
ನಿಮ್ಮ ಕಣ್ಣಾಗೂ ಇವ, ಎಲುಬಿನ್ಯಾಗೂ ಇವ.
"ಸಾಕು, ಇನ್ನ ಬೆಳೀಬ್ಯಾಡ" ಅನ್ನೂ ಸಾಲು ಇಲ್ಲೈತಿ ನೋಡ್ರಿ,
ತಪ್ಪಿಲ್ಲ, ಒಂದಕ್ಷರನೂ ಬಿದ್ದಿಲ್ಲ.
ಖರೆ ಅದರ ಮ್ಯಾಲ ಚುಕ್ಕಿ ಕುಂತಾವ,
ಒತ್ತೊತ್ತಾಗಿ.
ಚುಕ್ಕಿ ಕುಂತಲ್ಲಿ ಜೀವಕೋಶ ಓದೂದು ಬಿಡತೈತಿ.

ಗದ್ದಲ ಎದ್ದ ಆ ರಾತ್ರಿ ನೆನಪಾತು.
ಒಂದ ಓಣ್ಯಾಗ ಹದಿನೇಳು ಬೋರ್ಡಿಗೆ ಡಾಂಬರ.
ಯಾವ ಭಾಷಾದ ಮ್ಯಾಲ ಯಾರು ಬಳದ್ರು, ಕೇಳಬ್ಯಾಡ,
ಎರಡೂ ಲಿಪಿ ನನ್ನ ಹೊಟ್ಟಿಗೆ ಹಾಕ್ಯಾವ.
ಮುಂಜಾನೆ ಔಷಧ ಅಂಗಡಿ ಮುಂದ ಒಬ್ಬಾಕಿ,
ಬಗಲಾಗ ಜ್ವರ ಬಂದ ಕೂಸು:
ಇಲ್ಲೇ ಇತ್ತಲ್ರಿ?
ಅಲ್ಲೇ ಇತ್ತು. ಬಾಗಲಾ ತೆರದಿತ್ತು.
ಓದಾಕ ಬರತಿರಲಿಲ್ಲ, ಅಷ್ಟ.

ಹಂಗಾರ ಈ ಇಂಜೆಕ್ಷನ್ ಅಂದ್ರ ಸೀಮಿಎಣ್ಣಿ ಅರಬಿ ಏನ?
ಒರಸೂದಿಲ್ಲ ಕಾಕಾ, ಅಂದ್ಲು.
ಕೋಶ ಎರಡಾಗುವಾಗ ಅಕ್ಷರ ನಕಲಾಗ್ತಾವ,
ಹಿಂದಿಂದ ಒಬ್ಬ ಬಂದು ಚುಕ್ಕಿನೂ ನಕಲು ಮಾಡತಾನ.
ಅವನ ಕೈ ಹಿಡೀತೈತಿ ಈ ಔಷಧ.

ಅಂವಾ ನನಗ ಗೊತ್ತು!
ದಾವಲಸಾಬ. ಹದಿನಾಕರ ಹುಡುಗ, ಕೆಲಸ ಕಲಿಯಾಕ ಬಂದಾಂವ.
ಹಳೇದು ಹ್ಯಾಂಗೈತಿ ಹಂಗ ಬರಿ, ಅಂದಿದ್ದೆ.
ಹಂಗ ಬರದ:
ಹಿಟ್ಟಿನ ಗಿರಣಿ, ಅದರ ಮ್ಯಾಲ ಮೊಳಿಯಿಂದ ಇಳದ ಜಂಗು,
ಕಾಗಿ ಹೊಲಸು,
ಡಾಂಬರಿನ ಕಲೀನೂ, ಅಂಚು ತಪ್ಪದಂಗ, ಕರೀ ಇನಾಮಲಿನ್ಯಾಗ.
ಗಿರಣಿ ಮಾಲಕ ಕುಣದಾಡಿದ.
ನಾ ಹುಡುಗನ್ನ ಹೊಡೀಲಿಲ್ಲ.
ಅಷ್ಟು ಚಂದ ಬಂದಿತ್ತು ಕಲಿ.

ಎಲ್ಲಾ ಚುಕ್ಕಿ ಹ್ವಾದ್ರ?
ಹೋಗಬಾರದ್ರಿ. ಕೆಲವು ಇರಬೇಕು.
ಪಿತ್ತಕೋಶದಾಗ ಕಣ್ಣಿನ ಪಾಠ ಮುಚ್ಚೇ ಇರಬೇಕು.
ಯಾವುದು ತಗೀಬೇಕು, ಯಾವುದು ಬಿಡಬೇಕು,
ಔಷಧಕ್ಕ ಅಷ್ಟು ಪೂರಾ ತಿಳೀದಿಲ್ಲ.
ಸುಮ್ಮನಾದ್ಲು. ನಮಗೂ, ಅಂದ್ಲು.

ನಲವತ್ತು ವರ್ಷ ಥಿನ್ನರ್ ವಾಸನಿ ಕುಡದೀನಿ,
ಅದರಿಂದೇನ ಇದು? ಅಂತ ಕೇಳಿದೆ.
ಹೌದು ಅನಲಿಲ್ಲ, ಅಲ್ಲ ಅನಲಿಲ್ಲ, ಬರಕೊಂಡ್ಲು.
ತಿಂಗಳಿಗೆ ಏಳು ದಿನ ಹೊಟ್ಟಿಗೆ ಸೂಜಿ.
ಹೊಕ್ಕಳಾ ಸುತ್ತ ನೀಲಿ, ಹಸರು, ಹಳದಿ,
ಬ್ರಷ್ ಒರಸೂ ಅರಬಿಗತೆ.

ನಾಕನೇ ಸುತ್ತಿನ್ಯಾಗ ನೋಡಿದೆ,
ನನ್ನ ರಕ್ತದ ಡಬ್ಬಿ ಮ್ಯಾಲ ನಂಬರ ಅಡ್ಡಾದಿಡ್ಡಿ ಬರದಾಳ.
ಕೊಡಿಲ್ಲೆ ಆ ಮಾರ್ಕರ್, ಅಂದೆ.
ಕೈ ನಡಗತಿತ್ತು.
ನಾಕು ಸೊಟ್ಟ ಆತು.
ಏಳರ ಬಾಲ ಮಾತ್ರ, ಯಾಕೋ,
ಮದಲಿನ ಬಾಗಿನ್ಯಾಗ ಬಂತು.