ಚೆಕ್‌ರೋಲ್

ಹದಿನೆಂಟು ವರ್ಷ ಬೇರೆಯವರ ದಿನ ಎಣಿಸಿದವನು ನಾನು.
ಏಳೂಮುಕ್ಕಾಲಿಗೆ ರೈಲುಕಂಬಿಯ ತುಂಡಿಗೆ ಸುತ್ತಿಗೆ,
ಎಂಟಕ್ಕೆ ಹೆಸರು ಕೂಗುವುದು,
ಎಂಟೂವರೆ ದಾಟಿದವರಿಗೆ ಅರ್ಧ.
ಪೂರ್ತಿಗೆ ಗೀಟು, ಅರ್ಧಕ್ಕೆ ಅರೆಗೀಟು,
ಬಾರದವರಿಗೆ ಸೊನ್ನೆ.
ಸುಂಟಿಕೊಪ್ಪದಿಂದ ಮಾದಾಪುರದವರೆಗೆ
ನನ್ನ ಹೆಸರು ಹಿಡಿದು ಕರೆದವರಿಲ್ಲ.
ರೈಟರು. ಅಷ್ಟೇ.

ಈ ರಾತ್ರಿ ಅದೇ ಉದ್ದ ಪುಸ್ತಕದ ಕೊನೆಯ ಹಾಳೆಯಲ್ಲಿ
ನನ್ನ ಮನೆಯವರ ಹಾಜರಿ.
ಫೆಲ್ಸಿ, ಸಾವಿರದ ನಾನೂರ ಎಂಬತ್ತು.
ರೆನಿಟಾ, ಏಳುನೂರ ಎರಡು.
ಜೋಯ್ಸನ್, ಆರುನೂರ ಐವತ್ತೈದು.
ನಾನು, ನಾನೂರ ಹನ್ನೊಂದು.
ಐದು ವರ್ಷದಲ್ಲಿ ಏಳುನೂರ ಮೂವತ್ತು ಬೇಕು ಕೆನಡಾಕ್ಕೆ,
ಮನೆಗೆ ಒಟ್ಟಾಗಿ ಅಲ್ಲ, ತಲೆಗೆ ತಲೆಗೆ.
ಉಳಿದಿರುವುದು ಇನ್ನೂರ ತೊಂಬತ್ತು.
ಮಕ್ಕಳು ದಾಟುತ್ತಾರೆ.
ನಾಳೆಯೇ ವಿಮಾನ ಹತ್ತಿದರೂ
ನನಗೆ ಇಪ್ಪತ್ತೊಂಬತ್ತು ಕಡಿಮೆ.

ಮೂರು ಸಲ ಕೂಡಿಸಿದೆ.
ಪಾಸ್‌ಪೋರ್ಟಿನ ಮುದ್ರೆಗಳ ಮೇಲೆ ಟಾರ್ಚು ಬಿಟ್ಟು ನೋಡಿದೆ,
ಯಾವುದಾದರೂ ವಾರ ಮಡಿಕೆಯಲ್ಲಿ ಅಡಗಿದೆಯೇ ಎಂದು.

ಮೊದಲ ಚಳಿಗಾಲ ವಿನ್ನಿಪೆಗ್ಗಿನ ಗೋದಾಮಿನಲ್ಲಿ
ಪೆಟ್ಟಿಗೆ ಎತ್ತಿ ಸೊಂಟ ಹಿಡಿಯಿತು.
ಒಂದು ಪಿಕ್ಕಿಂಗ್ ಮುಗಿಸಿ ಬರುತ್ತೇನೆ ಎಂದು ಬಂದೆ.
ಕಾಫಿ ಮುಗಿದರೆ ಮೆಣಸು, ಮೆಣಸು ಮುಗಿದರೆ ಕಸಿ,
ಸಾವುಕಾರರು ಸಂಬಳ ಏರಿಸಿದರು,
ನಾನು ಟಿಕೆಟ್ಟು ಮುಂದೂಡಿದೆ.
ಮಕ್ಕಳನ್ನೂ ಕರೆಸಿಕೊಂಡೆ.
ಫೆಲ್ಸಿ ಮಾತ್ರ ಅಲ್ಲಿ, ನರ್ಸಿಂಗ್ ಹೋಮಿನಲ್ಲಿ,
ರಾತ್ರಿಪಾಳಿಯ ಮೇಲೆ ರಾತ್ರಿಪಾಳಿ.

ಆ ದೇಶದ ಲೆಕ್ಕದಲ್ಲಿ ಅರೆಗೀಟು ಇಲ್ಲವಂತೆ.
ರಾತ್ರಿ ಹನ್ನೊಂದೂಮುಕ್ಕಾಲಿಗೆ ಇಳಿದರೂ ಪೂರ್ತಿ ದಿನ.
ಅವಳು ಫೋನಿನಲ್ಲಿ ಹೇಳಿದಾಗ ನಕ್ಕುಬಿಟ್ಟಿದ್ದೆ:
ಅಂಥ ಧಾರಾಳಿ ರೈಟರು ನಮ್ಮ ತೋಟದಲ್ಲಿದ್ದರೆ
ವಾರಕ್ಕೆ ಮೊದಲೇ ಗೇಟಿನಾಚೆ.

ಅವಳ ಹತ್ತಿರ ಏಳುನೂರ ಐವತ್ತು ದಿನ ಹೆಚ್ಚಿವೆ.
ಇಪ್ಪತ್ತೊಂಬತ್ತು ಕೊಡು ಎಂದರೆ ಕೊಟ್ಟಾಳು,
ಸಕ್ಕರೆಯಲ್ಲವಲ್ಲ, ಲೋಟದಲ್ಲಿ ಅಳೆದು ಸಾಲ ತರಲು.

ಇಲ್ಲಿ ಹಾಗೆ ಕೊಡಿಸಿದ್ದುಂಟು.
ಎರವರ ಬೊಳ್ಳಿಯ ಗಂಡ ಚಾತ
ಮೆಣಸಿನ ಏಣಿಯಿಂದ ಬಿದ್ದು ಮಲಗಿದ ವರ್ಷ
ಇಬ್ಬರ ಹಾಜರಿ ಇಲ್ಲದಿದ್ದರೆ ಲೈನ್ ಮನೆ ಬಿಡಬೇಕಿತ್ತು.
ಅವಳ ಓವರ್‌ಟೈಮು ಒಡೆದು
ಅವನ ಹೆಸರಿನ ಮುಂದೆ ಎಳೆದೆ, ಮೂವತ್ತೊಂದು ಗೀಟು.
ಪಾದ್ರಿಗೂ ಹೇಳಿಲ್ಲ.

ಮರುವರ್ಷ ಕೆಳಗಿನ ಲೈನಿನ ಅಸ್ಸಾಮಿನ ಜೋಡಿಗೆ ಎಳೆಯಲಿಲ್ಲ.
ಅದನ್ನೂ ಹೇಳಿಲ್ಲ.
ಗೋಣಿಚೀಲದೊಳಗೆ ಪಾತ್ರೆಗಳು ಸದ್ದು ಮಾಡುತ್ತ ಹೋದವು.
ಸಿಲ್ವರ್ ಓಕ್ ಕೆಳಗೆ ನಿಂತು
ನಾನು ಪೆನ್ಸಿಲು ಚೂಪು ಮಾಡುತ್ತಿದ್ದೆ.

ಕಾರಣ ಬರೆದರೆ ಕರುಣೆ ಸಿಗಬಹುದಂತೆ.
ಬರಿ, ಎನ್ನುತ್ತಾಳೆ ಫೆಲ್ಸಿ,
ನಿನಗಿಂತ ಹೆಚ್ಚು ಕಾರಣ ಕೇಳಿದವರು ಯಾರಿದ್ದಾರೆ?
ನಿಜ. ಜ್ವರ, ಸಾವು, ಹುತ್ತರಿ,
ಮಗುವಿಗೆ ಭೇದಿ, ದಾರಿಯಲ್ಲಿ ಆನೆ.
ಎಲ್ಲ ಬಾಯಿಪಾಠ.
ಒಂದನ್ನೂ ನಂಬದೆ ಕೇಳಿಸಿಕೊಂಡಿದ್ದೇನೆ.
ನನ್ನದನ್ನು ಬರೆಯಲು ಕೂತರೆ
ಮೇಜಿನ ಆಚೆ ಕೂತವನೂ ನಾನೇ.

ಬರೆದದ್ದು ಒಂದೇ ಸಾಲು:
ನನ್ನ ಹೆಂಡತಿ ಮಕ್ಕಳು ಒಳಗಿದ್ದಾರೆ.
ಅದು ಕಾರಣವೋ, ವಿಳಾಸವೋ,
ತಿಳಿಯದೆ ದೀಪ ಆರಿಸಿದೆ.

ಬೆಳಿಗ್ಗೆ ಒಂಬತ್ತಕ್ಕೆ ಬೊಳ್ಳಿ ಬಂದಳು,
ಸೀರೆ ಮೊಣಕಾಲವರೆಗೆ ಒದ್ದೆ.
"ಕೆರೆ ಹತ್ರ ಆನೆ, ರೈಟ್ರೇ. ಮೂರು."
ಪೆನ್ಸಿಲು ಅರ್ಧಕ್ಕೆ ಬಂದು ನಿಂತಿತು.

ಪೂರ್ತಿ ಎಳೆದೆ.
ಸಾವುಕಾರರು ಕೇಳಿದರೆ
ಕೆರೆಗೆ ಹೋಗಿ ಎಣಿಸಿಕೊಳ್ಳಲಿ.